ಫಿಲ್ಟರ್ ಕೆಪಾಸಿಟರ್ ದೊಡ್ಡದಾದಷ್ಟೂ ಬೇಸ್ ಹೆಚ್ಚೇ?

ಮಳೆ ಬಿಟ್ಟು ಯಕ್ಷಗಾನದ ಆಟ, ಜಾತ್ರೆಗಳ ಹಂಗಾಮು ಶುರುವಾಗುವ ಮುಂಚೆ ಸೆಟ್ಟುಗಳನ್ನು ಬಿಚ್ಚಿ ನೋಡುವ ಹೊತ್ತಿದು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆಂಪ್ಲಿಫೈಯರಿನ ಪವರ್ ಸಪ್ಲೈ ಕೆಪಾಸಿಟರುಗಳ ಬಗ್ಗೆಯೇ ಇವೆ. ಅಂಗಡಿಯಲ್ಲಿ ಮೈಕ್ರೊಫ್ಯಾರಡ್ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಹಾಗಾಗಿ ನಾವೂ ಎಂಎಫ್‌ಡಿ ಎಂದೇ ಬರೆದಿದ್ದೇವೆ.

ಪ್ರಶ್ನೆ: 24-0-24, 5 ಆಂಪಿಯರ್ ಟ್ರಾನ್ಸ್‌ಫಾರ್ಮರ್, 5200–1943 ಟ್ರಾನ್ಸಿಸ್ಟರುಗಳ ಬೋರ್ಡು, 4 ಓಮ್ ಬಾಕ್ಸು. ಫಿಲ್ಟರಿಗೆ ಬದಿಗೊಂದರಂತೆ 4700 ಎಂಎಫ್‌ಡಿ ಎರಡಿವೆ. ತಾಳಮದ್ದಳೆಗೆ ಇಟ್ಟರೆ ಮಾತು ಸ್ಪಷ್ಟ, ಚೆಂಡೆ ಏರಿದಾಗ ಸದ್ದು ಒಡೆಯುತ್ತದೆ. ಬದಿಗೆ 10,000ದ್ದು ಎರಡೆರಡು ಹಾಕಿದರೆ ಸರಿಹೋಗುತ್ತದೆ, ಬೇಸ್ ಕೂಡ ತುಂಬಿ ಬರುತ್ತದೆ ಎನ್ನುತ್ತಾರೆ. ನಿಜವೇ? — ಬದಿಯಡ್ಕದ ಓದುಗರು

ಉತ್ತರ: ಕಾಲು ಭಾಗ ನಿಜ. ನಿಮ್ಮ ಕಡೆಯ ಸುರಂಗವನ್ನೇ ನೋಡಿ. ಗುಡ್ಡದೊಳಗಿನ ಒರತೆ ಸಣ್ಣಗೆ ಹರಿದು ಟ್ಯಾಂಕಿ ತುಂಬುತ್ತದೆ, ತೋಟಕ್ಕೆ ಬಿಡುವಾಗ ಒಮ್ಮೆಲೇ ನುಗ್ಗುತ್ತದೆ. ಟ್ಯಾಂಕಿ ದೊಡ್ಡದು ಕಟ್ಟಿಸಿದರೆ ಒರತೆ ಹೆಚ್ಚುವುದಿಲ್ಲ. ಟ್ರಾನ್ಸ್‌ಫಾರ್ಮರ್ ನಿಮ್ಮ ಒರತೆ, ಕೆಪಾಸಿಟರ್ ಟ್ಯಾಂಕಿ. ಇಲ್ಲಿ ಟ್ಯಾಂಕಿ ಸೆಕೆಂಡಿಗೆ 100 ಸಲ ತುಂಬುತ್ತದೆ, ಎರಡು ತುಂಬುವಿಕೆಗಳ ನಡುವೆ ಸುಮಾರು 7 ಮಿಲಿಸೆಕೆಂಡು ಆಂಪ್ಲಿಫೈಯರ್ ಅದನ್ನು ಬರಿದುಮಾಡುತ್ತದೆ. ಆಗ ವೋಲ್ಟೇಜು ಎಷ್ಟು ಇಳಿಯುತ್ತದೋ ಅದೇ ರಿಪಲ್. ಲೆಕ್ಕ ಸುಲಭ: ಕರೆಂಟನ್ನು 0.007ರಿಂದ ಗುಣಿಸಿ, ಕೆಪಾಸಿಟರಿನ ಮೇಲೆ ಬರೆದ ಅಂಕಿಯಿಂದ (ಫ್ಯಾರಡಿನಲ್ಲಿ; 10 ಲಕ್ಷ ಎಂಎಫ್‌ಡಿಗೆ ಒಂದು ಫ್ಯಾರಡ್) ಭಾಗಿಸಿ.

ನಿಮ್ಮ ಸೆಟ್ಟಿನಲ್ಲಿ 4 ಓಮಿಗೆ ಪೂರ್ತಿ ಸದ್ದು ಬಿಟ್ಟಾಗ ಒಂದೊಂದು ರೈಲಿನಿಂದ (ಪ್ಲಸ್ ಬದಿ, ಮೈನಸ್ ಬದಿಯ ಸಪ್ಲೈ ಸಾಲು) ಸರಾಸರಿ 2 ಆಂಪಿಯರ್ ಹೋಗುತ್ತದೆ. 4700ಕ್ಕೆ ರಿಪಲ್ 3 ವೋಲ್ಟ್. ಲೋಡಿನಲ್ಲಿ ರೈಲು ತುದಿಗೆ 32 ವೋಲ್ಟ್ ಇದ್ದರೆ ತಳಕ್ಕೆ 29. ಟ್ರಾನ್ಸಿಸ್ಟರುಗಳು ನಾಲ್ಕು ವೋಲ್ಟ್ ತಿಂದರೆ ಸ್ಪೀಕರಿಗೆ ಉಳಿಯುವುದು 25, ಅಂದರೆ 78 ವಾಟ್. 10,000 ಹಾಕಿದರೆ ರಿಪಲ್ ಒಂದೂವರೆಗೆ ಇಳಿದು 88 ವಾಟ್ ಸಿಗುತ್ತದೆ. 20,000ಕ್ಕೆ 93. ಮೊದಲಿನದು ಅರ್ಧ ಡೆಸಿಬೆಲ್ ಲಾಭ, ಎರಡನೆಯದು ಕಾಲು ಡೆಸಿಬೆಲ್ ಕೂಡ ಅಲ್ಲ. ಒಂದು ಡೆಸಿಬೆಲ್ ವ್ಯತ್ಯಾಸ ಗುರುತಿಸುವುದಕ್ಕೇ ಕಿವಿ ತಿಣುಕುತ್ತದೆ. ರೈಲಿನ ಕರೆಂಟು ಆಂಪಿಯರಿಗೆ 4000ರಿಂದ 5000 ಎಂಎಫ್‌ಡಿ ಎಂಬ ಅಂದಾಜು ಸಾಕು. ನಿಮಗೆ ಬದಿಗೆ 10,000ದ್ದು ಒಂದೊಂದು. ಅದರಾಚೆಗಿನ ದುಡ್ಡು ಟ್ರಾನ್ಸ್‌ಫಾರ್ಮರಿಗೆ ಹೋಗಲಿ.

ಹಾಗಾದರೆ ಚೆಂಡೆ ಒಡೆಯುವುದೇಕೆ? ಮಾತಿನ ಸರಾಸರಿ ಮಟ್ಟಕ್ಕೆ ಹೋಲಿಸಿದರೆ ಚೆಂಡೆಯ ಪೆಟ್ಟಿನ ತುದಿ ತುಂಬ ಎತ್ತರ. ಮಾತಿಗೆ ಸರಿಯಾಗಿ ಇಟ್ಟ ಮಟ್ಟದಲ್ಲಿ ಪೆಟ್ಟಿನ ನೆತ್ತಿ ರೈಲಿಗೆ ಹೋಗಿ ಬಡಿಯುತ್ತದೆ. ಬಡಿದ ಕ್ಷಣದಲ್ಲಿ ರೈಲಿನ ರಿಪಲ್ಲೂ ಸದ್ದಿನ ಮೇಲೆ ಕೂತು ಬರುತ್ತದೆ, ಆ ‘ಗೊರ್’ ಅಂಶ ಅಲ್ಲಿಯದು. ಪರೀಕ್ಷೆ ಹೀಗೆ: ಮೊದಲು ಮಿಕ್ಸರಿನ ಚೆಂಡೆ ಮೈಕಿನ ಗೇನ್ ಇಳಿಸಿ, ಆಂಪ್ಲಿಫೈಯರಿನ ವಾಲ್ಯೂಮ್ ಅಷ್ಟೇ ಏರಿಸಿ. ಒಡಕು ಹೋದರೆ ತಪ್ಪು ಮಿಕ್ಸರಿನಲ್ಲಿತ್ತು. ಹೋಗದಿದ್ದರೆ ಮೀಟರನ್ನು ಡಿಸಿ ರೇಂಜಿಗಿಟ್ಟು ರೈಲಿಗೆ ಹಿಡಿದು ಜೋರಾಗಿ ಬಾರಿಸಿ. ಸುಮ್ಮನಿದ್ದಾಗ 36–37 ತೋರಿಸಿದ್ದು 31ರ ಆಸುಪಾಸಿಗೆ ಬಂದರೆ ಸರಿಯೇ. 26–27ಕ್ಕೆ ಕುಸಿದರೆ ಟ್ರಾನ್ಸ್‌ಫಾರ್ಮರ್ 5 ಆಂಪಿಯರಿನದೆಂದು ಹೆಸರಿಗೆ ಮಾತ್ರ. ನಂತರ ಎಸಿ ರೇಂಜಿನಲ್ಲಿ ನೋಡಿ. 3 ವೋಲ್ಟ್ ರಿಪಲ್ ಇದ್ದರೆ ಮೀಟರು 0.9ರ ಹತ್ತಿರ ತೋರಿಸುತ್ತದೆ. ಅಗ್ಗದ ಹಳದಿ ಮೀಟರುಗಳ ಎಸಿ ರೇಂಜು ಡಿಸಿಯನ್ನೂ ಸೇರಿಸಿ ಸುಳ್ಳು ಹೇಳುತ್ತದೆ. ಕೆಂಪು ತಂತಿಗೆ ಸೀರೀಸಿನಲ್ಲಿ 1 ಎಂಎಫ್‌ಡಿ, 100 ವೋಲ್ಟಿನ ಪಾಲಿಯೆಸ್ಟರ್ ಕೆಪಾಸಿಟರ್ ಹಾಕಿಕೊಂಡರೆ ಆ ತಾಪತ್ರಯವಿಲ್ಲ.

ಒಂದು ಎಚ್ಚರ. ಕೆಪಾಸಿಟರ್ ಹೆಚ್ಚಿಸಿದರೆ ಸ್ವಿಚ್ ಹಾಕಿದ ಕೂಡಲೇ ನುಗ್ಗುವ ಕರೆಂಟೂ ಹೆಚ್ಚುತ್ತದೆ. ಬ್ರಿಜ್‌ಗೆ (ಎಸಿಯನ್ನು ಡಿಸಿ ಮಾಡುವ ಡಯೋಡುಗಳ ಜೋಡಣೆ) 5408 ಡಯೋಡುಗಳಿದ್ದರೆ ತೆಗೆದು 25 ಆಂಪಿಯರಿನ ಲೋಹದ ಚೌಕ ಬ್ರಿಜ್ ಹಾಕಿ ಕ್ಯಾಬಿನೆಟ್ಟಿಗೆ ಬಿಗಿಯಿರಿ. ಪ್ರೈಮರಿಯ ಫ್ಯೂಸ್ 2 ಆಂಪಿಯರ್ ಸ್ಲೋ-ಬ್ಲೋ (ಕ್ಷಣದ ನುಗ್ಗು ತಾಳುವಂಥದ್ದು) ಆಗಿರಲಿ. ಮಾಮೂಲಿ ಗಾಜಿನ ಫ್ಯೂಸ್ ಹಾರಿತೆಂದು ಅದರ ಜಾಗಕ್ಕೆ ತಾಮ್ರದ ತಂತಿ ಸುತ್ತುವವರಿದ್ದಾರೆ, ಬೇಡ.

ಪ್ರಶ್ನೆ: 4700 ತೆಗೆದು 10,000 ಹಾಕಿದೆ. ಹಮ್ ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು! ವಾಲ್ಯೂಮ್ ಪೂರ್ತಿ ಮುಚ್ಚಿದರೂ ಸ್ಪೀಕರಿನಲ್ಲಿ ಝ್ರ್ ಎನ್ನುತ್ತಿದೆ. ಕೆಪಾಸಿಟರ್ ಡೂಪ್ಲಿಕೇಟೇ? — ಮಂಜೇಶ್ವರದ ಓದುಗರು

ಉತ್ತರ: ಇರಲಿಕ್ಕಿಲ್ಲ. ಗ್ರೌಂಡ್ ತಂತಿಯನ್ನು ಎಲ್ಲಿಂದ ಎತ್ತಿದ್ದೀರಿ ಎಂಬುದೇ ಇಲ್ಲಿ ಮುಖ್ಯ. ಕೆಪಾಸಿಟರಿನ ಎಂಎಫ್‌ಡಿಗಿಂತ ಅದರ ಬೆಸುಗೆಯ ಜಾಗ ಸದ್ದನ್ನು ಹೆಚ್ಚು ಕೆಡಿಸುತ್ತದೆ, ಆದರೆ ಜನ ದುಡ್ಡು ಸುರಿಯುವುದು ಎಂಎಫ್‌ಡಿಗೆ.

ಬ್ರಿಜ್‌ನಿಂದ ಕೆಪಾಸಿಟರಿಗೆ ಕರೆಂಟು ಸಮನಾಗಿ ಹರಿಯುವುದಿಲ್ಲ. ಪ್ರತಿ 10 ಮಿಲಿಸೆಕೆಂಡಿಗೊಮ್ಮೆ, ಎರಡು-ಮೂರು ಮಿಲಿಸೆಕೆಂಡಿನ ಒಂದು ಗುದ್ದಾಗಿ ಬರುತ್ತದೆ. ಆಂಪ್ಲಿಫೈಯರ್ 2 ಆಂಪಿಯರ್ ಎಳೆಯುತ್ತಿದ್ದರೆ ಗುದ್ದು 10 ಆಂಪಿಯರಿಗೂ ಹೋದೀತು. ಕೆಪಾಸಿಟರ್ ದೊಡ್ಡದಾದಷ್ಟೂ ಗುದ್ದು ಕಿರಿದಾಗುತ್ತದೆ, ಎತ್ತರವಾಗುತ್ತದೆ. ಈಗ 0.75 ಚದರ ಮಿ.ಮೀ. ತಂತಿ ತೆಗೆದುಕೊಳ್ಳಿ: 10 ಸೆಂ.ಮೀ. ಉದ್ದಕ್ಕೆ ಅದರ ರೆಸಿಸ್ಟೆನ್ಸ್ 2.3 ಮಿಲಿಓಮ್. 10 ಆಂಪಿಯರ್ ಹರಿದರೆ ಆ ಗೇಣುದ್ದವೂ ಇಲ್ಲದ ತಂತಿಯ ಎರಡು ತುದಿಗಳ ನಡುವೆ 23 ಮಿಲಿವೋಲ್ಟ್. ಬೋರ್ಡಿನ ಇನ್‌ಪುಟ್ ಗ್ರೌಂಡ್ ಅದೇ ತಂತಿಯ ಮಧ್ಯದಿಂದ ಹೊರಟಿದ್ದರೆ ಈ ವೋಲ್ಟೇಜು ಹಾಡಿನ ಜೊತೆ ಒಳಗೆ ಹೋಗಿ, ಗೇನ್ 30 ಇದ್ದರೆ ಸ್ಪೀಕರಿನಲ್ಲಿ 0.7 ವೋಲ್ಟ್ ಆಗಿ ಹೊರಬರುತ್ತದೆ. ಹಾಡಿಲ್ಲದಾಗ ಗುದ್ದು ಇದರ ಹತ್ತರಲ್ಲೊಂದು ಇದ್ದರೂ 70 ಮಿಲಿವೋಲ್ಟ್ ಸ್ಪೀಕರಿನಲ್ಲಿ ಇದ್ದೇ ಇರುತ್ತದೆ, ಚೆನ್ನಾಗಿ ಕೇಳುತ್ತದೆ. ವಾಲ್ಯೂಮಿನ ನಂತರ ಸೇರಿದ್ದರಿಂದ ವಾಲ್ಯೂಮ್ ಮುಚ್ಚಿದರೆ ಹೋಗುವುದಿಲ್ಲ. ಹೊಸ ಡಬ್ಬಿಗಳು ದಪ್ಪವಿರುತ್ತವೆ, ಜಾಗ ಹೊಂದಿಸುವಾಗ ನಿಮ್ಮ ಸೆಂಟರ್ ತಂತಿ (ಟ್ರಾನ್ಸ್‌ಫಾರ್ಮರಿನ 0 ತಂತಿ) ಬೇರೆ ಕಡೆ ಕೂತಿರಬೇಕು.

ಸರಿಪಡಿಸುವ ಕ್ರಮ: ಟ್ರಾನ್ಸ್‌ಫಾರ್ಮರಿನ ಸೆಂಟರ್ ಟ್ಯಾಪ್ ತಂತಿ ನೇರ ಎರಡು ಕೆಪಾಸಿಟರುಗಳ ನಡುವಿನ ದಪ್ಪ ತಾಮ್ರದ ಪಟ್ಟಿಗೆ ಬರಲಿ, ಬೇರೆಲ್ಲೂ ಮುಟ್ಟದಿರಲಿ. ಆ ಪಟ್ಟಿಯಿಂದ ಎರಡು ಸೆಂ.ಮೀ.ನ ಒಂದು ಕವಲು ಹೊರತೆಗೆಯಿರಿ. ಬೋರ್ಡಿನ ಪವರ್ ಗ್ರೌಂಡ್, ಸ್ಪೀಕರಿನ ಮೈನಸ್, ಕ್ಯಾಬಿನೆಟ್ ತಂತಿ ಎಲ್ಲವೂ ಈ ಕವಲಿನ ತುದಿಯಲ್ಲಿ ಸೇರಬೇಕು, ಪಟ್ಟಿಯ ಮೇಲಲ್ಲ. ಇನ್‌ಪುಟ್ಟಿನ ಶೀಲ್ಡ್ ಬೋರ್ಡಿನ ಇನ್‌ಪುಟ್ ಗ್ರೌಂಡಿಗೆ ಮಾತ್ರ. ಆರ್‌ಸಿಎ ಸಾಕೆಟ್ ಕ್ಯಾಬಿನೆಟ್ಟಿನ ತಗಡಿಗೆ ತಾಗದಂತೆ ಫೈಬರ್ ವಾಷರ್ ಹಾಕಿ.

ಇಷ್ಟಾದ ಮೇಲೂ ಉಳಿದರೆ ಇನ್‌ಪುಟ್ ಕೇಬಲ್ ಕಿತ್ತು ನೋಡಿ. ಆಗ ನಿಂತರೆ ದೋಷ ಮಿಕ್ಸರಿಗೂ ಆಂಪ್ಲಿಫೈಯರಿಗೂ ನಡುವಿನ ಅರ್ತ್ ಸುತ್ತಿನದು. ಅದು 50 ಹರ್ಟ್ಸಿನ ಮೆತ್ತನೆಯ ‘ಮ್ಮ್’. ಕೆಪಾಸಿಟರಿನ ಕಡೆಯದು 100 ಹರ್ಟ್ಸಿನದು, ಒರಟಾಗಿ ಝ್ರ್ ಎನ್ನುತ್ತದೆ. ಹಮ್ ನಿಲ್ಲಿಸಲು ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ ಮುರಿಯುವ ‘ಚಿಕಿತ್ಸೆ’ಯನ್ನು ಮಾತ್ರ ಯಾರೂ ಮಾಡಬೇಡಿ. ಒದ್ದೆ ನೆಲದ ಮೇಲೆ ನಿಂತು ಮೈಕ್ ಹಿಡಿಯುವವರ ಜೀವ ಆ ಪಿನ್ನಿನ ಮೇಲಿದೆ.

ಪ್ರಶ್ನೆ: ಸರ್, ನಮ್ಮ ಕಡಿ ಸಂಜಿಗೆ ಪಂಪ್ ಚಾಲೂ ಆದ್ರ ಕರೆಂಟ್ 180ಕ್ಕ ಇಳೀತದ, ನಡುರಾತ್ರಿ 260 ಇರ್ತದ. 7294 ಐಸಿ ಬೋರ್ಡ್, 24-0-24 ಟ್ರಾನ್ಸ್‌ಫಾರ್ಮರ್, 8 ಓಮ್ ಸ್ಪೀಕರ್ ಅದ. ಕೆಪಾಸಿಟರ್ ಹೆಚ್ಚು ಮಾಡಿದ್ರ ಲೋ ವೋಲ್ಟೇಜ್‌ದಾಗೂ ಆವಾಜ್ ಬರ್ತದೇನು? — ಅಕ್ಕಲಕೋಟದ ಓದುಗರು

ಉತ್ತರ: ಬರುವುದಿಲ್ಲ. ಕೆಪಾಸಿಟರ್ ತುಂಬುವುದು ಬಂದ ವೋಲ್ಟೇಜಿನ ತುದಿಯವರೆಗೆ ಮಾತ್ರ. 230ರ ಬದಲು 180 ಬಂದರೆ ರೈಲು ಶೇ. 78ಕ್ಕೆ ಇಳಿಯುತ್ತದೆ, ಪವರ್ ಅದರ ವರ್ಗ, ಅಂದರೆ ಶೇ. 61. ಆ ಹೊತ್ತಿನಲ್ಲಿ ವಾಲ್ಯೂಮ್ ಇಳಿಸುವುದು ಅಥವಾ ಸ್ಟೆಬಿಲೈಸರ್ ಹಾಕುವುದು, ಎರಡೇ ದಾರಿ.

ನೀವು ಕೇಳದ ನಡುರಾತ್ರಿಯ 260ರ ಬಗ್ಗೆ ನಮಗೆ ಹೆಚ್ಚು ಚಿಂತೆ. 24 ವೋಲ್ಟಿನ ಸೆಕೆಂಡರಿ ಆಗ 27 ಕೊಡುತ್ತದೆ. ಲೋಡ್ ಇಲ್ಲದಾಗ ಟ್ರಾನ್ಸ್‌ಫಾರ್ಮರ್ ಇನ್ನೂ ಶೇ. 8–10 ಮೇಲೇರುತ್ತದೆ. ಅದನ್ನು 1.414ರಿಂದ ಗುಣಿಸಿದರೆ 41 ವೋಲ್ಟ್ ದಾಟುತ್ತದೆ. ನಿಮ್ಮ ಐಸಿ ಕೆಲಸ ಮಾಡಬೇಕಾದ ಮಿತಿ ಬದಿಗೆ 40. ಕೆಪಾಸಿಟರುಗಳು 35 ವೋಲ್ಟಿನವಾಗಿದ್ದರೆ ಅವು ಉಬ್ಬುವುದು ಇಂದೋ ನಾಳೆಯೋ. 22-0-22 ಟ್ರಾನ್ಸ್‌ಫಾರ್ಮರಿಗೆ ಬದಲಿಸಿ, 50 ವೋಲ್ಟಿನ 6800 ಎಂಎಫ್‌ಡಿ ಬದಿಗೊಂದು ಹಾಕಿ. 260ರಲ್ಲಿ 38 ಆಗುತ್ತದೆ, 180ರಲ್ಲಿ 23–24. ಈ ಐಸಿ 10 ವೋಲ್ಟಿನಿಂದಲೇ ಕೆಲಸ ಮಾಡುವುದರಿಂದ ಸಂಜೆಯೂ ಬಾಯಿ ಮುಚ್ಚುವುದಿಲ್ಲ. ಮುಂದೆಂದಾದರೂ 4 ಓಮ್ ಸ್ಪೀಕರ್ ಹಾಕುವ ಯೋಚನೆ ಇದ್ದರೆ 18-0-18 ಸಾಕು, ಇಲ್ಲವಾದರೆ ಐಸಿ ಕಾದು ಕಾದು ತನ್ನಷ್ಟಕ್ಕೆ ನಿಲ್ಲುತ್ತದೆ.

ಪ್ರಶ್ನೆ: ಪತ್ತನಾಜೆಯ (ಆಟ, ಜಾತ್ರೆಗಳ ಹಂಗಾಮು ಮುಗಿಯುವ ದಿನ) ನಂತರ ಭಜನಾ ಮಂದಿರದ ಆಂಪ್ಲಿಫೈಯರ್ ಮೂಲೆಯಲ್ಲಿತ್ತು. ಈಗ ತೆಗೆದಿದ್ದೇವೆ. ಒಂದು ಕೆಪಾಸಿಟರಿನ ತಲೆ ಸ್ವಲ್ಪ ಉಬ್ಬಿದಂತಿದೆ, ಬುಡದಲ್ಲಿ ಕಂದು ಬಣ್ಣದ ಅಂಟು. ಹಾಗೆಯೇ ಸ್ವಿಚ್ ಹಾಕಬಹುದೇ? — ಕುಂಬಳೆಯ ಓದುಗರು

ಉತ್ತರ: ಬೇಡ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನೊಳಗೆ ಅಲ್ಯೂಮಿನಿಯಂ ಹಾಳೆಯ ಮೇಲಿನ ತೆಳ್ಳನೆಯ ಆಕ್ಸೈಡ್ ಪೊರೆಯೇ ಇನ್ಸುಲೇಟರು. ಬಹಳ ಕಾಲ ವೋಲ್ಟೇಜಿಲ್ಲದೆ ಬಿದ್ದಿದ್ದರೆ ಆ ಪೊರೆ ಸವೆದಿರುತ್ತದೆ. ಒಮ್ಮೆಲೇ ಪೂರ್ತಿ ವೋಲ್ಟೇಜು ಕೊಟ್ಟರೆ ಲೀಕೇಜ್ ಕರೆಂಟು ಹರಿದು ಒಳಗೆ ಕಾಯುತ್ತದೆ, ಅನಿಲ ಹುಟ್ಟುತ್ತದೆ, ತಲೆ ಉಬ್ಬುತ್ತದೆ. ತಲೆಯ ಮೇಲಿನ ಗೀರುಗಳಿರುವುದು ಅಲ್ಲೇ ಹರಿದು ಅನಿಲ ಹೊರಹೋಗಲೆಂದು. ಉಬ್ಬಿರುವುದನ್ನು ಉಳಿಸುವ ಪ್ರಯತ್ನ ದಂಡ, ಜೋಡಿಯಾಗಿ ಎರಡನ್ನೂ ಬದಲಿಸಿ. ಕಂದು ಅಂಟು ಸೋರಿಕೆಯೇ ಆಗಿರಬೇಕೆಂದಿಲ್ಲ. ಕಾರ್ಖಾನೆಯಲ್ಲಿ ಹಾಕಿದ ಹಳದಿ ಅಂಟು ಬಿಸಿಗೆ ಕಂದಾಗಿ, ಕರೆಂಟು ಹರಿಸತೊಡಗಿ, ಪಕ್ಕದ ರೆಸಿಸ್ಟರುಗಳ ಕಾಲನ್ನು ತಿನ್ನುತ್ತದೆ. ಅದನ್ನು ಪೂರ್ತಿ ಕೆರೆದು ತೆಗೆಯಿರಿ.

ಮೊದಲು ಪ್ಲಗ್ ಕಿತ್ತು, ಪ್ರತಿ ಕೆಪಾಸಿಟರಿನ ಎರಡು ಕಾಲುಗಳಿಗೆ 100 ಓಮ್, 5 ವಾಟ್ ರೆಸಿಸ್ಟರನ್ನು ಇಕ್ಕಳದಲ್ಲಿ ಹಿಡಿದು ಹತ್ತು ಸೆಕೆಂಡು ಒತ್ತಿ, ಮೀಟರಿನಲ್ಲಿ ಸೊನ್ನೆ ನೋಡಿಕೊಳ್ಳಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಎನ್ನಿಸುವುದು ರೂಢಿ, ಆದರೆ 35 ವೋಲ್ಟಿಗೆ ತುಂಬಿದ 10,000 ಎಂಎಫ್‌ಡಿಯಲ್ಲಿ 6 ಜೂಲ್ ಇರುತ್ತದೆ. ಬೋರ್ಡಿನ ಪ್ರಿಂಟಿನ ತಾಮ್ರ ಹಾರಲು ಅಷ್ಟು ಸಾಕು.

ಹೊಸದು ತರುವಾಗ ವೋಲ್ಟೇಜು ಹಳೆಯದರಷ್ಟು ಅಥವಾ ಹೆಚ್ಚು, ಉಷ್ಣತೆ 105 ಡಿಗ್ರಿ ಎಂದು ಬರೆದದ್ದು ಇರಲಿ. 10 ಡಿಗ್ರಿ ತಂಪಾದರೆ ಆಯುಸ್ಸು ಹೆಚ್ಚುಕಡಿಮೆ ಇಮ್ಮಡಿ, ಆದ್ದರಿಂದ ಹೀಟ್ ಸಿಂಕಿಗೆ ತಾಗಿಸಿ ಕೂರಿಸಬೇಡಿ. ಗಾತ್ರವನ್ನೂ ಗಮನಿಸಿ. 10,000 ಎಂಎಫ್‌ಡಿ, 50 ವೋಲ್ಟಿನದು ಸುಮಾರು 30 ಮಿ.ಮೀ. ಅಗಲ, 40 ಮಿ.ಮೀ. ಎತ್ತರ ಇರುತ್ತದೆ. ಹೆಬ್ಬೆರಳಿನಷ್ಟು ಡಬ್ಬಿಯ ಮೇಲೆ ಅದೇ ಅಂಕಿ ಇದ್ದರೆ ನಂಬಬೇಡಿ. ದೊಡ್ಡ ಡಬ್ಬಿಯೊಳಗೆ ಸಣ್ಣದನ್ನು ತುಂಬಿಟ್ಟ ಮಾಲೂ ಉಂಟು, ಕೈಯಲ್ಲಿ ಹಗುರ ಅನ್ನಿಸುತ್ತದೆ. ಕೆಪಾಸಿಟೆನ್ಸ್ ಮೀಟರಿನಲ್ಲಿ ಶೇ. 20 ಹೆಚ್ಚುಕಡಿಮೆ ಮಾಮೂಲು, ಅದಕ್ಕಿಂತ ಕಡಿಮೆ ಬಂದರೆ ಹಿಂತಿರುಗಿಸಿ.

ಬೆಸುಗೆ ಹಾಕುವಾಗ ಹೆಚ್ಚಿನವರು ಎಡವುವುದು ಮೈನಸ್ ರೈಲಿನಲ್ಲಿ. ಅಲ್ಲಿಯ ಕೆಪಾಸಿಟರಿನ ಪ್ಲಸ್ ಕಾಲು ಗ್ರೌಂಡಿಗೆ, ಪಟ್ಟೆ ಇರುವ ಕಾಲು ಮೈನಸ್ ರೈಲಿಗೆ. ಎರಡೂ ಡಬ್ಬಿಗಳ ಪಟ್ಟೆ ಒಂದೇ ದಿಕ್ಕಿಗಿದ್ದರೆ ಚೆಂದ ಎಂದುಕೊಂಡು ಗ್ರೌಂಡಿಗೆ ಎರಡರದ್ದೂ ಪಟ್ಟೆ ಕಾಲು ಹಾಕಿದರೆ ಕೆಲವೇ ಸೆಕೆಂಡಿನಲ್ಲಿ ಪಟಾಕಿ. ಒಂದೊಂದರ ಮೇಲೂ 2.2 ಕಿಲೋಓಮ್, 2 ವಾಟ್ ರೆಸಿಸ್ಟರ್ ಅಡ್ಡ ಹಾಕಿಬಿಡಿ. ಸ್ವಿಚ್ ಆರಿಸಿದ ಎರಡು ನಿಮಿಷದಲ್ಲಿ ತಾನೇ ಬರಿದಾಗುತ್ತದೆ.

ಆಮೇಲೆ ಸೀರೀಸ್ ಬಲ್ಬು, ಅಂದರೆ ಆಂಪ್ಲಿಫೈಯರಿನ ಮೇನ್ ತಂತಿಯ ನಡುವೆ ಸಿಗಿಸುವ ಬಲ್ಬು. 100 ವಾಟಿನ ಹಳೆಯ ತಂತಿ ಬಲ್ಬೇ ಬೇಕು, ಎಲ್‌ಇಡಿ ಆಗದು. ಸ್ಪೀಕರ್ ಕಟ್ಟದೆ ಸ್ವಿಚ್ ಹಾಕಿ. ಬಲ್ಬು ಒಮ್ಮೆ ಮಿನುಗಿ ಮಂಕಾದರೆ ಒಳ್ಳೆಯ ಲಕ್ಷಣ. ಉರಿಯುತ್ತಲೇ ಇದ್ದರೆ ಬ್ರಿಜ್, ಔಟ್‌ಪುಟ್ ಟ್ರಾನ್ಸಿಸ್ಟರ್ ಅಥವಾ ಕೆಪಾಸಿಟರ್ ಶಾರ್ಟ್. ಹೀಗೆ ಅರ್ಧ ಗಂಟೆ ಬಿಟ್ಟರೆ ಉಳಿದ ಹಳೆಯ ಕೆಪಾಸಿಟರುಗಳ ಪೊರೆಯೂ ನಿಧಾನಕ್ಕೆ ಕೂಡಿಕೊಳ್ಳುತ್ತದೆ. ಸ್ವಿಚ್ ಆರಿಸಿ, ಬರಿದಾದ ಮೇಲೆ ಡಬ್ಬಿಗಳನ್ನು ಮುಟ್ಟಿ ನೋಡಿ. ಹಾಡೇ ಇಲ್ಲದೆ ಬೆಚ್ಚಗಾಗಿದ್ದರೆ ಅದೂ ಹೋದಂತೆ. ಬಲ್ಬು ತೆಗೆದ ಮೇಲೆ ಸ್ಪೀಕರ್ ಟರ್ಮಿನಲ್ಲಿನಲ್ಲಿ ಡಿಸಿ 50 ಮಿಲಿವೋಲ್ಟಿಗಿಂತ ಕಡಿಮೆ ಇದ್ದರೆ ಮಾತ್ರ ಬಾಕ್ಸು ಜೋಡಿಸಿ. ಅಂದಹಾಗೆ, ಒಳಗೆ ಹಲ್ಲಿ ಮೊಟ್ಟೆ, ಇರುವೆಗೂಡು ಇಲ್ಲವೆಂದು ಸ್ವಿಚ್ ಹಾಕುವ ಮೊದಲೇ ನೋಡಿಕೊಳ್ಳಿ.

ಪ್ರಶ್ನೆ: 12 ವೋಲ್ಟಿನ 4440 ಬೋರ್ಡಿಗೆ ಸಪ್ಲೈಯಲ್ಲಿ 1000 ಇದ್ದದ್ದನ್ನು 4700 ಮಾಡಿದೆ. ಬೇಸ್ ಒಂದಿಷ್ಟೂ ಬದಲಾಗಲಿಲ್ಲ. — ಉಪ್ಪಳದ ಓದುಗರು

ಉತ್ತರ: ಆಗಬೇಕಾದದ್ದೂ ಅಲ್ಲ. ನಿಮ್ಮದು ಸ್ಟೀರಿಯೊ ಜೋಡಣೆಯಾದರೆ ಪ್ರತಿ ಸ್ಪೀಕರಿನ ಸಾಲಿನಲ್ಲಿ ಒಂದೊಂದು ಔಟ್‌ಪುಟ್ ಕೆಪಾಸಿಟರ್ ಇದೆ, ಬೇಸನ್ನು ಕತ್ತರಿಸುವುದು ಅದು. 4 ಓಮಿಗೆ 1000 ಎಂಎಫ್‌ಡಿ ಇದ್ದರೆ 40 ಹರ್ಟ್ಸಿನಲ್ಲಿ ಅರ್ಧ ಪವರ್ ಹೋಗಿಬಿಡುತ್ತದೆ, 2200 ಹಾಕಿದರೆ ಆ ಗಡಿ 18ಕ್ಕೆ ಇಳಿಯುತ್ತದೆ. 25 ವೋಲ್ಟಿನದು ಹಾಕಿ, ಪ್ಲಸ್ ಐಸಿಯ ಕಡೆಗೆ. ಸ್ವಿಚ್ ಹಾಕಿದಾಗ ‘ದುಪ್’ ಸ್ವಲ್ಪ ಹೆಚ್ಚುತ್ತದೆ. ಸ್ಪೀಕರ್ ನಾಲ್ಕಿಂಚಿನದಾದರೆ ಇದ್ಯಾವುದೂ ಕೇಳಿಸದು, ಅದಕ್ಕೆ 80 ಹರ್ಟ್ಸೇ ಕಷ್ಟ.

ಪ್ರಶ್ನೆ: ಅನೌನ್ಸ್‌ಮೆಂಟ್ ಆಟೋದಲ್ಲಿ ಬ್ಯಾಟರಿಯಿಂದ ಆಂಪ್ಲಿಫೈಯರ್ ಓಡಿಸುತ್ತೇವೆ. ಎಂಜಿನ್ ಏರಿಸಿದಂತೆ ಹಾರ್ನ್ ಸ್ಪೀಕರಿನಲ್ಲಿ ಕುಂಯ್ ಎಂಬ ಸದ್ದೂ ಏರುತ್ತದೆ. 10,000 ಎಂಎಫ್‌ಡಿ ಹಾಕಿದರೂ ಹೋಗಿಲ್ಲ. — ತಾಳವಾಡಿಯ ಓದುಗರು

ಉತ್ತರ: ಅದು ಚಾರ್ಜಿಂಗ್ ಆಲ್ಟರ್ನೇಟರಿನ ಸದ್ದು. ಬ್ಯಾಟರಿಯ ರೆಸಿಸ್ಟೆನ್ಸೇ ಅಷ್ಟು ಕಡಿಮೆ ಇರುವಾಗ ಅದರ ಪಕ್ಕದಲ್ಲಿ ಕೆಪಾಸಿಟರ್ ಮಾಡುವುದು ಏನೂ ಇಲ್ಲ. ಮಧ್ಯೆ ಒಂದು ತಡೆ ಬೇಕು: ಪ್ಲಸ್ ತಂತಿಯಲ್ಲಿ 10 ಆಂಪಿಯರ್ ತಾಳುವ ಚೋಕ್ (ತಂತಿಯ ಸುರುಳಿ), ಅದರ ನಂತರ ಆಂಪ್ಲಿಫೈಯರಿನ ಬಾಯಿಗೆ ನಿಮ್ಮ ಅದೇ ಕೆಪಾಸಿಟರ್ (25 ವೋಲ್ಟಿನದಿರಲಿ). ಪ್ಲಸ್, ಮೈನಸ್ ಎರಡನ್ನೂ ನೇರ ಬ್ಯಾಟರಿಯ ಟರ್ಮಿನಲ್ಲಿನಿಂದ ತನ್ನಿ, ಮೈನಸ್ಸನ್ನು ಆಟೋದ ಬಾಡಿಗೆ ಸಿಗಿಸಬೇಡಿ. ಪ್ಲಸ್ಸಿಗೆ ಬ್ಯಾಟರಿಯ ಬುಡದಲ್ಲೇ ಫ್ಯೂಸ್. ಇದನ್ನೆಲ್ಲ ಮಾಡುವ ಮುಂಚೆ ಹಾಡು ಹಾಕುವ ಮೊಬೈಲನ್ನು ಆಟೋದ ಚಾರ್ಜರಿನಿಂದ ಕಿತ್ತು ನೋಡಿ. ಅರ್ಧಕ್ಕರ್ಧ ಸಲ ಕುಂಯ್ ಅಲ್ಲೇ ನಿಲ್ಲುತ್ತದೆ.

ಪ್ರಶ್ನೆ: ದೊಡ್ಡ ಕೆಪಾಸಿಟರಿನ ಪಕ್ಕ 104 ಎಂಬ ಸಣ್ಣದನ್ನು ಹಾಕುವುದೇಕೆ? ‘ಆಡಿಯೋ ಗ್ರೇಡ್’ ಕೆಪಾಸಿಟರಿಗೆ ನಾಲ್ಕು ಪಟ್ಟು ದುಡ್ಡು ಕೊಡಬಹುದೇ? — ಹೊಸೂರಿನ ಓದುಗರು

ಉತ್ತರ: 104 ಅಂದರೆ 0.1 ಎಂಎಫ್‌ಡಿ. ಒಂದು ಸೆಂ.ಮೀ. ತಂತಿಗೆ ಸುಮಾರು 10 ನ್ಯಾನೋಹೆನ್ರಿ ಇಂಡಕ್ಟೆನ್ಸ್ ಇರುತ್ತದೆ. ಸಪ್ಲೈಯಿಂದ ಬೋರ್ಡಿಗೆ 20 ಸೆಂ.ಮೀ. ತಂತಿ ಎಳೆದರೆ ಮೆಗಾಹರ್ಟ್ಸ್ ಮಟ್ಟದಲ್ಲಿ ದೊಡ್ಡ ಕೆಪಾಸಿಟರ್ ಇದ್ದೂ ಇಲ್ಲದಂತೆ. ಆಗ ಐಸಿ ಕಿವಿಗೆ ಕೇಳದ ಕಂಪನದಲ್ಲಿ ಒದ್ದಾಡುತ್ತದೆ. ಹಾಡಿಲ್ಲದೆಯೂ ಹೀಟ್ ಸಿಂಕ್ ಸುಡುತ್ತದೆ, ಟ್ವೀಟರ್ ಹೋಗುತ್ತದೆ. ಆದ್ದರಿಂದ 104 ಇರಬೇಕಾದ್ದು ದೊಡ್ಡ ಡಬ್ಬಿಯ ಪಕ್ಕದಲ್ಲಲ್ಲ, ಐಸಿಯ ಸಪ್ಲೈ ಕಾಲಿನಿಂದ ಒಂದೆರಡು ಸೆಂ.ಮೀ. ಒಳಗೆ, ಜೊತೆಗೆ 100 ಎಂಎಫ್‌ಡಿಯದೊಂದು.

ಎರಡನೆಯದಕ್ಕೆ: ಸಪ್ಲೈಯಲ್ಲಿ ಬೇಡ. ಒಳ್ಳೆಯ ಕಂಪನಿಯ ಮಾಮೂಲಿ 105 ಡಿಗ್ರಿಯದೇ ಸಾಕು. ಉಳಿದ ದುಡ್ಡಿಗೆ 1.5 ಚದರ ಮಿ.ಮೀ. ತಂತಿ ತನ್ನಿ.

ಪ್ರಶ್ನೆ: 24 ವೋಲ್ಟ್ ಎಸ್‌ಎಂಪಿಎಸ್‌ಗೆ (ಸ್ವಿಚಿಂಗ್ ಪವರ್ ಸಪ್ಲೈ) ಕ್ಲಾಸ್-ಡಿ ಬೋರ್ಡು ಜೋಡಿಸಿ, ಮಧ್ಯೆ 10,000ದ್ದು ಎರಡು ಹಾಕಿದೆ. ಸ್ವಿಚ್ ಹಾಕಿದರೆ ಟಿಕ್ ಟಿಕ್ ಎನ್ನುತ್ತದೆ, ಲೈಟು ಮಿಣುಕುತ್ತದೆ, ಆನ್ ಆಗುವುದಿಲ್ಲ. — ಆದೋನಿಯ ಓದುಗರು

ಉತ್ತರ: ಖಾಲಿ ಕೆಪಾಸಿಟರ್ ಎಸ್‌ಎಂಪಿಎಸ್‌ನ ಕಣ್ಣಿಗೆ ಶಾರ್ಟ್ ಸರ್ಕ್ಯೂಟಿನಂತೆ ಕಾಣುತ್ತದೆ. ರಕ್ಷಣೆಗಾಗಿ ನಿಲ್ಲುತ್ತದೆ, ಮತ್ತೆ ಪ್ರಯತ್ನಿಸುತ್ತದೆ, ಮತ್ತೆ ನಿಲ್ಲುತ್ತದೆ. ಅದರ ಟ್ಯಾಂಕಿ ಸೆಕೆಂಡಿಗೆ ಹತ್ತಾರು ಸಾವಿರ ಸಲ ತುಂಬುವುದರಿಂದ 20,000 ಬೇಕಾಗಿಯೂ ಇಲ್ಲ. ಎರಡನ್ನೂ ತೆಗೆದು 35 ವೋಲ್ಟಿನ 1000 ಅಥವಾ 2200 ಎಂಎಫ್‌ಡಿ ಒಂದನ್ನು ಬೋರ್ಡಿನ ಟರ್ಮಿನಲ್ಲಿಗೆ ಅಂಟಿಕೊಂಡಂತೆ ಹಾಕಿ.